ಗಿಡ ಮತ್ತು ಗಡಿ ಒಂದೇ ಗುಂಪಿಗೆ ಸೇರಿದರೆ?

ಪದಗಳ ದೊಡ್ಡ ಪಟ್ಟಿಯೊಂದಿದೆ. ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಒಂದರಿಂದೊಂದು ಹುಟ್ಟುವ ಪದಗಳನ್ನೆಲ್ಲ ಗುಂಪು ಮಾಡಬೇಕು. 'ನದಿ', 'ದಿನ' ಒಂದು ಗುಂಪು. 'ರಸ', 'ಸರ' ಇನ್ನೊಂದು. ಪ್ರೋಗ್ರಾಮಿಂಗ್ ಕಲಿಯುವವರಿಗೆ ಕೊಡುವ ಹಳೆಯ ಲೆಕ್ಕಗಳಲ್ಲಿ ಇದೂ ಒಂದು.

ಥಟ್ಟನೆ ಹೊಳೆಯುವ ದಾರಿ ಎಂದರೆ ಪ್ರತಿ ಪದವನ್ನೂ ಉಳಿದ ಎಲ್ಲ ಪದಗಳ ಜೊತೆ ಹೋಲಿಸಿ ನೋಡುವುದು. ಪಟ್ಟಿಯಲ್ಲಿ 10,000 ಪದಗಳಿದ್ದರೆ ಹೋಲಿಕೆಗಳೇ ಹತ್ತಿರಹತ್ತಿರ 5 ಕೋಟಿ. ಪಟ್ಟಿ ಇಮ್ಮಡಿಯಾದರೆ ಕೆಲಸ ನಾಲ್ಮಡಿ.

ಜಾಣರು ಹೋಲಿಕೆಯ ಗೊಡವೆಗೇ ಹೋಗುವುದಿಲ್ಲ. ಪ್ರತಿ ಪದದ ಅಕ್ಷರಗಳನ್ನು ಬಿಡಿಸಿ, ಅಕಾರಾದಿಯಾಗಿ ಜೋಡಿಸುತ್ತಾರೆ. ಹಾಗೆ ಸಿಕ್ಕಿದ್ದೇ ಆ ಪದದ 'ಸಹಿ'. 'ನದಿ'ಯ ಸಹಿಯೂ 'ದಿನ'ದ ಸಹಿಯೂ ದಿ-ನ ಎಂದೇ ಬರುತ್ತದೆ. ಒಂದೇ ಸಹಿಯ ಪದಗಳನ್ನು ಒಂದೇ ಖಾನೆಗೆ ಹಾಕುತ್ತ ಹೋದರೆ ಪಟ್ಟಿಯನ್ನು ಒಮ್ಮೆ ಓದಿ ಮುಗಿಸುವಷ್ಟರಲ್ಲಿ ವಿಂಗಡಣೆಯೂ ಮುಗಿದಿರುತ್ತದೆ. ಸಹಿ ಕೊಟ್ಟ ಕೂಡಲೇ ಅದರ ಖಾನೆ ತೋರಿಸುವ ಕೆಲಸವನ್ನು ಪೈಥಾನ್ ಭಾಷೆಯಲ್ಲಿ 'ಡಿಕ್ಷನರಿ' ಮಾಡುತ್ತದೆ. ಜಾನ್ ಬೆಂಟ್ಲಿ ತಮ್ಮ 'ಪ್ರೋಗ್ರಾಮಿಂಗ್ ಪರ್ಲ್ಸ್' (1986) ಪುಸ್ತಕದಲ್ಲಿ ಈ ಉಪಾಯವನ್ನು ಸೊಗಸಾಗಿ ವಿವರಿಸಿದ್ದಾರೆ.

ಇಂಗ್ಲಿಷಿಗೆ ಇಷ್ಟು ಸಾಕು. ಇದೇ ಪ್ರೋಗ್ರಾಮಿಗೆ ಕನ್ನಡ ಪದಗಳನ್ನು ಕೊಟ್ಟರೆ 'ಗಿಡ'ವನ್ನೂ 'ಗಡಿ'ಯನ್ನೂ, 'ಬಿಲ'ವನ್ನೂ 'ಬಲಿ'ಯನ್ನೂ ಅದು ಒಂದೇ ಖಾನೆಗೆ ತಳ್ಳಿಬಿಡುತ್ತದೆ. ಕಾರಣ, ಯೂನಿಕೋಡ್‌ನಲ್ಲಿ 'ಗಿ' ಎಂಬುದಕ್ಕೆ ಒಂದೇ ಸಂಕೇತವಿಲ್ಲ. 'ಗ' ಬೇರೆ, ಗುಡಿಸು ಬೇರೆ. ಬಿಡಿಸಿ ಜೋಡಿಸಿದಾಗ ಎರಡೂ ಪದಗಳಿಂದ ಗ, ಡ ಮತ್ತು ಒಂದು ಗುಡಿಸು ಸಿಗುತ್ತವೆ. ಆ ಗುಡಿಸು ಯಾರ ತಲೆಯ ಮೇಲಿತ್ತು ಎಂಬುದು ಅಷ್ಟರಲ್ಲಿ ಕಳೆದುಹೋಗಿರುತ್ತದೆ. 'ಕನ್ನಡ' ಎಂಬ ಪದದ ಉದ್ದವೆಷ್ಟು ಎಂದು ಪೈಥಾನನ್ನು ಕೇಳಿದರೆ ಅದು 5 ಎನ್ನುತ್ತದೆ. ಕ, ನ, ಹಲಂತ, ನ, ಡ ಎಂಬುದು ಅದರ ಎಣಿಕೆ. ಓದುವ ನಮಗೆ ಕಾಣುವುದು ಮೂರೇ ಅಕ್ಷರ.

ಪರಿಹಾರ ಕಷ್ಟದ್ದಲ್ಲ. ಸಹಿ ಮಾಡುವ ಮೊದಲು ಪದವನ್ನು ಅಕ್ಷರಗಳಾಗಿ ಸರಿಯಾಗಿ ಒಡೆಯಬೇಕು. ಸ್ವರವೋ ವ್ಯಂಜನವೋ ಬಂದರೆ ಹೊಸ ಅಕ್ಷರ ಶುರು. ಗುಣಿತದ ಚಿಹ್ನೆ, ಹಲಂತ, ಅನುಸ್ವಾರ, ವಿಸರ್ಗ ಬಂದರೆ ಹಿಂದಿನ ಅಕ್ಷರಕ್ಕೇ ಸೇರಿಸಬೇಕು. ವ್ಯಂಜನದ ಹಿಂದೆ ಹಲಂತವಿದ್ದರೆ ಅದು ಒತ್ತಕ್ಷರ, ಅದನ್ನೂ ಹಿಂದಿನದಕ್ಕೇ ಅಂಟಿಸಬೇಕು. ಹೀಗೆ ಒಡೆದರೆ 'ಗಿಡ'ದ ಸಹಿ ಗಿ-ಡ, 'ಗಡಿ'ಯದು ಗ-ಡಿ. ಎರಡೂ ತಂತಮ್ಮ ಖಾನೆಗೆ ಹೋಗುತ್ತವೆ. 'ಕನ್ನಡ'ವೂ ಕ-ನ್ನ-ಡ ಎಂದು ಮೂರಾಗಿಯೇ ಒಡೆಯುತ್ತದೆ.

ಪದಬಂಧ, ಪದಗಳ ಆಟ, ಕಾಗುಣಿತ ತಿದ್ದುವ ತಂತ್ರಾಂಶ ಯಾವುದನ್ನೇ ಕನ್ನಡದಲ್ಲಿ ಮಾಡಹೊರಟರೂ ಈ ನಾಲ್ಕು ಸಾಲಿನ ನಿಯಮ ಬೇಕೇ ಬೇಕು. ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ಇಂಗ್ಲಿಷ್ ಉದಾಹರಣೆಯನ್ನು ನಕಲು ಮಾಡುವ ಮೊದಲು, ಕಂಪ್ಯೂಟರ್ ಯಾವುದನ್ನು ಅಕ್ಷರ ಎಂದು ಎಣಿಸುತ್ತಿದೆ ಎಂಬುದನ್ನು ಪರೀಕ್ಷಿಸಿ ನೋಡಿ.