ವಾಹನ–ಪಾದಚಾರಿ ನಿಸ್ತಂತು ಸಂಪರ್ಕ: ಹೆದ್ದಾರಿಯ ಊರಿನ ವರ್ತಕರು ತಿಳಿಯಬೇಕಾದ ಅಂಶಗಳು

ಅರಸೀಕೆರೆ ಮತ್ತು ಕಡೂರುಗಳ ನಡುವಣ ಬಾಣಾವರವು ಹೆದ್ದಾರಿಯ ಮೇಲಿನ ಊರು. ಶಿವಮೊಗ್ಗದ ಕಡೆಯಿಂದ ಬರುವ ರಸ್ತೆಯೂ, ಬೇಲೂರು, ಹಳೇಬೀಡು, ಜಾವಗಲ್ ಕಡೆಯಿಂದ ಬರುವ ರಸ್ತೆಯೂ ಇಲ್ಲಿ ಕೂಡುತ್ತವೆ. ತೆಂಗಿನಕಾಯಿ, ಕೊಬ್ಬರಿ ಹೇರಿದ ಲಾರಿಗಳು, ಬಸ್ಸುಗಳು, ಪ್ರವಾಸಿಗರ ವಾಹನಗಳು ಹಾಯುವ ರಸ್ತೆಯನ್ನೇ ಶಾಲಾ ಮಕ್ಕಳೂ ಅಂಗಡಿಗೆ ಬರುವ ಗ್ರಾಹಕರೂ ನಡೆದು ದಾಟಬೇಕಾಗಿದೆ.

2022ರ ಅಕ್ಟೋಬರ್ 15ರ ರಾತ್ರಿ ಬಾಣಾವರ ಸಮೀಪದ ಗಾಂಧಿನಗರದ ಬಳಿ ಬಸ್ಸು, ಹಾಲಿನ ಟ್ಯಾಂಕರ್ ಮತ್ತು ಟೆಂಪೋ ಟ್ರಾವೆಲರ್‌ಗಳ ನಡುವೆ ನಡೆದ ಅಪಘಾತದಲ್ಲಿ ತೀರ್ಥಯಾತ್ರೆಯಿಂದ ಮರಳುತ್ತಿದ್ದ ಒಂಬತ್ತು ಮಂದಿ ಮೃತಪಟ್ಟರು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ಹರಿದು ಹಲವರು ಪ್ರಾಣ ಕಳೆದುಕೊಂಡರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮಡಿದವರು 1,68,491 ಮಂದಿ. ಇವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಮಡಿದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಕಾಲ್ನಡಿಗೆಯವರು. ಇದನ್ನು ತಡೆಯಲು ಮುಂದಿಡಲಾಗಿರುವ ಉಪಾಯಗಳಲ್ಲಿ ನಿಸ್ತಂತು ಸಂಪರ್ಕವೂ ಒಂದು.

ಕಾರ್ಯವಿಧಾನ

ವಾಹನದಲ್ಲಿರುವ ಸಾಧನವು ಉಪಗ್ರಹದ ನೆರವಿನಿಂದ ತಾನಿರುವ ಸ್ಥಳ, ವೇಗ ಮತ್ತು ದಿಕ್ಕನ್ನು ಗುರುತಿಸಿ, ಸೆಕೆಂಡಿಗೆ ಸುಮಾರು ಹತ್ತು ಬಾರಿ ರೇಡಿಯೋ ಸಂದೇಶವಾಗಿ ಬಿತ್ತರಿಸುತ್ತದೆ. ಪಾದಚಾರಿಯ ಮೊಬೈಲ್ ಅಥವಾ ಸಣ್ಣ ಬಿಲ್ಲೆಯೂ ಇದೇ ರೀತಿ ತನ್ನ ಇರವನ್ನು ತಿಳಿಸುತ್ತದೆ. ಎರಡರ ಹಾದಿಗಳು ಕೂಡುವ ಸಂಭವವಿದ್ದರೆ ಚಾಲಕನಿಗೆ ಎಚ್ಚರಿಕೆ ದೊರೆಯುತ್ತದೆ. ನಿಂತ ಬಸ್ಸಿನ ಮರೆಯಲ್ಲಿರುವವರನ್ನು ಕಣ್ಣಾಗಲಿ ಕ್ಯಾಮೆರಾ ಆಗಲಿ ಕಾಣಲಾರದು; ರೇಡಿಯೋ ಸಂದೇಶ ತಲುಪಬಲ್ಲದು. ಈ ವಿಧಾನದ ಮುಖ್ಯ ಪ್ರಯೋಜನ ಇದೇ.

ಅಮೆರಿಕದ ಸಂಪರ್ಕ ಆಯೋಗವು 1999ರಲ್ಲಿಯೇ 5.9 ಗಿಗಾಹರ್ಟ್ಜ್ ಪಟ್ಟಿಯಲ್ಲಿ 75 ಮೆಗಾಹರ್ಟ್ಜ್ ತರಂಗಾಂತರವನ್ನು ಇಂತಹ ಬಳಕೆಗೆ ಮೀಸಲಿರಿಸಿತ್ತು. ಬಳಕೆ ನಿರೀಕ್ಷೆಯಂತೆ ಬೆಳೆಯದ ಕಾರಣ 2020ರಲ್ಲಿ ಅದನ್ನು 30 ಮೆಗಾಹರ್ಟ್ಜ್‌ಗೆ ಇಳಿಸಿತು. 2013ರಲ್ಲಿ ಹೋಂಡಾ ಸಂಸ್ಥೆಯು ಪಾದಚಾರಿಯ ಮೊಬೈಲ್ ಮತ್ತು ಕಾರಿನ ನಡುವಣ ಸಂಪರ್ಕವನ್ನು ಪ್ರದರ್ಶಿಸಿತು. ಭಾರತದಲ್ಲಿ 5.875ರಿಂದ 5.905 ಗಿಗಾಹರ್ಟ್ಜ್‌ವರೆಗಿನ 30 ಮೆಗಾಹರ್ಟ್ಜ್ ತರಂಗಾಂತರ ಬಳಸುವ ಯೋಜನೆಯನ್ನು ಕೇಂದ್ರ ರಸ್ತೆ ಸಾರಿಗೆ ಸಚಿವರು 2026ರ ಜನವರಿಯಲ್ಲಿ ಪ್ರಕಟಿಸಿದರು. ಆದರೆ ಇದು ವಾಹನ–ವಾಹನಗಳ ನಡುವಣ ಸಂಪರ್ಕಕ್ಕೆ ಸಂಬಂಧಿಸಿದ್ದೆಂಬುದನ್ನು ಗಮನಿಸಬೇಕು.

ಮಿತಿಗಳು

ಮೊದಲನೆಯದಾಗಿ, ಈ ವ್ಯವಸ್ಥೆಗೆ ಎರಡೂ ಕಡೆ ಸಾಧನವಿರಬೇಕು. ಲಾರಿಯಲ್ಲಿ ಎಷ್ಟೇ ಬೆಲೆಬಾಳುವ ಉಪಕರಣವಿದ್ದರೂ, ಮೊಬೈಲ್ ಇಲ್ಲದ ಮುದುಕಿಯೂ ಶಾಲೆಯ ಬಾಲಕನೂ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಪೇಟೆಯಲ್ಲಿ ದೊರೆಯುವ ಸಾಮಾನ್ಯ ಮೊಬೈಲ್‌ಗಳಲ್ಲಿ ಈ ಪಟ್ಟಿಯ ನೇರ ಸಂಪರ್ಕಕ್ಕೆ ಬೇಕಾದ ರೇಡಿಯೋ ಇಲ್ಲ.

ಎರಡನೆಯದಾಗಿ, ಮೊಬೈಲ್ ಸೂಚಿಸುವ ಸ್ಥಳದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಹೆದ್ದಾರಿಯ ಒಂದು ಪಥದ ಅಗಲವೇ ಮೂರೂವರೆ ಮೀಟರ್. ಆದುದರಿಂದ ವ್ಯಕ್ತಿ ಅಂಗಡಿಯ ಮೆಟ್ಟಿಲ ಮೇಲಿರುವನೋ ರಸ್ತೆಯ ಮೇಲಿರುವನೋ ಎಂಬುದು ನಿಖರವಾಗಿ ತಿಳಿಯದು. ಪ್ರತಿ ಅಂಗಡಿಯ ಮುಂದೆಯೂ ಎಚ್ಚರಿಕೆ ಮೊಳಗಿದರೆ ಚಾಲಕನು ಅದನ್ನು ಲಕ್ಷಿಸುವುದನ್ನೇ ಬಿಡುತ್ತಾನೆ.

ಮೂರನೆಯದಾಗಿ, ಎಚ್ಚರಿಕೆ ದೊರೆತರೂ ವಾಹನ ನಿಲ್ಲಲು ದೂರ ಬೇಕು. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿಯೂ ನಿಲ್ಲಲು ಮತ್ತೆ 23 ಮೀಟರ್‌ನಷ್ಟು ಬೇಕು. ವೇಗ 40 ಕಿ.ಮೀ. ಇದ್ದರೆ ಒಟ್ಟು ದೂರ 48 ಮೀಟರ್‌ನಿಂದ 27 ಮೀಟರ್‌ಗೆ ಇಳಿಯುತ್ತದೆ. ಹೇರು ತುಂಬಿದ ಲಾರಿಗೆ, ಮಳೆಯ ರಸ್ತೆಗೆ ಇನ್ನೂ ಹೆಚ್ಚು ಬೇಕು.

ವೆಚ್ಚ ಮತ್ತು ಹೊಣೆ

ಸರಕು ಸಾಗಣೆಯ ವಾಹನಕ್ಕೆ ಇಂತಹ ಸಾಧನ ಅಳವಡಿಸಿದರೆ, ತೆತ್ತ ಜಿ.ಎಸ್.ಟಿ.ಗೆ ನೋಂದಾಯಿತ ವರ್ತಕರು ಷರತ್ತುಗಳಿಗೆ ಒಳಪಟ್ಟು ಇನ್‌ಪುಟ್ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಖರೀದಿಗೆ ಮುನ್ನ ಸಾಧನವು ಭಾರತದಲ್ಲಿ ಅನುಮತಿಸಿದ ತರಂಗಾಂತರದಲ್ಲಿ ಕೆಲಸ ಮಾಡುವುದೇ, ಬೇರೆ ತಯಾರಕರ ಸಾಧನದೊಡನೆ ಸಂಪರ್ಕಿಸಬಲ್ಲದೇ ಎಂಬ ಎರಡು ಪ್ರಶ್ನೆಗಳಿಗೆ ಮಾರಾಟಗಾರರಿಂದ ಲಿಖಿತ ಉತ್ತರ ಪಡೆಯುವುದು ಒಳಿತು. ತನ್ನದೇ ಕಂಪನಿಯ ಸಾಧನದೊಡನೆ ಮಾತ್ರ ಮಾತನಾಡುವ ಉಪಕರಣದಿಂದ ಹೆದ್ದಾರಿಯಲ್ಲಿ ಪ್ರಯೋಜನ ಅತ್ಯಲ್ಪ.

ಸಾಧನವಿದ್ದ ಮಾತ್ರಕ್ಕೆ ಮಾಲೀಕರ ಹೊಣೆ ಕಳೆಯುವುದಿಲ್ಲ. ವಿಮೆ ಇಲ್ಲದ ವಾಹನದಿಂದ ಸಾವು ಸಂಭವಿಸಿದರೆ ಪರಿಹಾರದ ಭಾರ ಮಾಲೀಕರ ಮೇಲೆಯೇ ಬೀಳುತ್ತದೆ. ವಿಮೆ ಇದ್ದರೂ, ಚಾಲಕನಿಗೆ ಸೂಕ್ತ ಪರವಾನಗಿ ಇಲ್ಲದಿದ್ದರೆ, ಸಂತ್ರಸ್ತರಿಗೆ ಕೊಟ್ಟ ಹಣವನ್ನು ವಿಮಾ ಸಂಸ್ಥೆ ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ.

ಆದುದರಿಂದ ನಿಸ್ತಂತು ಸಂಪರ್ಕವನ್ನು ಮುಂದಿನ ದಿನಗಳ ಪೂರಕ ರಕ್ಷಣೆಯೆಂದು ಸ್ವಾಗತಿಸುವುದು ಉಚಿತ. ಇಂದಿನ ರಕ್ಷಣೆಗೆ ಬೇಕಾದುವು ಬೇರೆ: ಊರೊಳಗೆ ವೇಗ ತಗ್ಗಿಸುವಂತೆ ಚಾಲಕರಿಗೆ ಕಟ್ಟುನಿಟ್ಟಿನ ಸೂಚನೆ, ಲಾರಿಯ ಹಿಂಬದಿಗೆ ಪ್ರತಿಫಲಕ ಪಟ್ಟಿ, ಸುಸ್ಥಿತಿಯ ಬ್ರೇಕ್ ಮತ್ತು ದೀಪ, ಅಂಗಡಿಯ ಸರಕು ಚಾಚಿಕೊಳ್ಳದ ಕಾಲುದಾರಿ. ಇವಕ್ಕೆ ತರಂಗಾಂತರ ಬೇಕಿಲ್ಲ. ಮೊಬೈಲ್ ಇಲ್ಲದ ಪಾದಚಾರಿಯನ್ನೂ ಇವು ಕಾಪಾಡುತ್ತವೆ.