ಸಾರಥಿಯ ನಿದ್ದೆ

ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ತಾನೇ ಅಗ್ನಿಗೆ ಆಹುತಿಯಾಗುವೆನೆಂದು ಅರ್ಜುನ ಪ್ರತಿಜ್ಞೆ ಮಾಡಿದ್ದಾನೆ. ಒಂದೊಂದು ಗಳಿಗೆಯೂ ಅಮೂಲ್ಯ. ಆದರೂ ಕುದುರೆಗಳು ಬಳಲಿದುದನ್ನು ಕಂಡು ರಣರಂಗದ ನಟ್ಟನಡುವೆ ರಥ ನಿಲ್ಲುತ್ತದೆ. ಅರ್ಜುನ ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತ, ಬಾಣದಿಂದ ಭೂಮಿಯನ್ನು ಸೀಳಿ ಕೊಳವೊಂದನ್ನು ನಿರ್ಮಿಸುತ್ತಾನೆ. ಕೃಷ್ಣ ನೊಗ ಕಳಚಿ, ಕುದುರೆಗಳ ಮೈಗೆ ನಾಟಿದ ಬಾಣಗಳನ್ನು ಕಿತ್ತು, ನೀರು ಕುಡಿಸುತ್ತಾನೆ. ವ್ಯಾಸಭಾರತದ ದ್ರೋಣಪರ್ವದ ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗ ನಾವು ಅದರ ಅದ್ಭುತವನ್ನು ಮೆಚ್ಚಿ ಮುಂದೆ ಸಾಗುತ್ತೇವೆ. ಗಡುವು ಎಷ್ಟು ಹತ್ತಿರವಿದ್ದರೂ ದಣಿದ ಜೀವವನ್ನು ಓಡಿಸಿ ದೂರವನ್ನು ಗೆಲ್ಲಲಾಗದೆಂಬ ಅದರ ವಿವೇಕ ಗಮನಕ್ಕೆ ಬರುವುದು ಅಪರೂಪ.

ಇಂದು ನಮ್ಮ ಅಕ್ಕಿ, ಸಿಮೆಂಟು, ಪುಸ್ತಕಗಳನ್ನು ಹೊತ್ತು ತರುವ ಲಾರಿಯ ಕುದುರೆಗಳು ದಣಿಯವು; ದಣಿಯುವವನು ಸಾರಥಿ. ಇದನ್ನು ಶಾಸನಕರ್ತರು ಅರಿಯದೆ ಇರಲಿಲ್ಲ. 1939ರ ಮೋಟಾರು ವಾಹನಗಳ ಕಾಯಿದೆಯೇ ಚಾಲಕನಿಗೆ ಸತತ ಐದು ಗಂಟೆಗಳ ನಂತರ ಅರ್ಧ ಗಂಟೆಯ ವಿರಾಮ, ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆಗಳ ಮಿತಿಯನ್ನು ವಿಧಿಸಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಈ ಮಿತಿಯನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗಳಿಗೆ ಇಳಿಸಿತು. ದೂರದ ಮಾರ್ಗಗಳಿಗೆ ಅನುಮತಿ ಪಡೆದು 10 ಮತ್ತು 54ರವರೆಗೆ ಏರಿಸಬಹುದಿತ್ತು. ಒಂದು ದಿನದ ದುಡಿಮೆ ಮುಗಿದು ಮರುದಿನದ ದುಡಿಮೆ ತೊಡಗುವ ನಡುವೆ ಸತತ 9 ಗಂಟೆಗಳ ವಿಶ್ರಾಂತಿ ಇರಬೇಕೆಂದೂ ಅದು ಹೇಳಿತು.

ಇಷ್ಟು ಚೆನ್ನಾಗಿ ಬರೆದ ಕಾಯಿದೆ ರಸ್ತೆಯಲ್ಲಿ ಏಕೆ ಕಾಣಿಸಲಿಲ್ಲ? ಐವರು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಅದು ತಾನಾಗಿ ಅನ್ವಯಿಸುತ್ತಿತ್ತು. ನಮ್ಮ ದೇಶದ ಬಹುಪಾಲು ಲಾರಿಗಳಾದರೋ ಒಂದೆರಡು ಬಂಡಿಗಳ ಸಣ್ಣ ಮಾಲೀಕರವು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಆ ಕಾಯಿದೆಯ ಸ್ಥಾನವನ್ನು ಪಡೆಯಿತು. ಎಂಟು ಗಂಟೆಯ ಮಿತಿ ಉಳಿಯಿತು. ಐವರೆಂದಿದ್ದ ಕಡೆ ಹತ್ತು ಮಂದಿ ಎಂದಾಯಿತು. ಬಲೆಯ ಕಣ್ಣು ಇನ್ನಷ್ಟು ಅಗಲವಾಯಿತೆಂದೇ ನನ್ನ ಭಾವನೆ.

ಭಾಷೆಯನ್ನು ಕಲಿಸುವವನಿಗೆ ಹಳೆಯ ಕಾಯಿದೆಯ ಇನ್ನೊಂದು ವಾಕ್ಯವೂ ಕುತೂಹಲ ಹುಟ್ಟಿಸುತ್ತದೆ. ಚಾಲಕನು ಮಾಲೀಕನ ಅಧೀನದಲ್ಲಿರುವ ಕಾಲವೆಲ್ಲ ದುಡಿಮೆಯ ಕಾಲವೆಂದು ಮೊದಲು ಹೇಳಿ, ಅನಂತರ ನಿಲ್ದಾಣಗಳಲ್ಲಿ 15 ನಿಮಿಷಕ್ಕಿಂತ ಕಡಮೆಯಾದ ಬರಿಯ ಹಾಜರಿಯೂ ಅದರಲ್ಲಿ ಸೇರುತ್ತದೆಂದು ವಿವರಿಸಿತ್ತು. ಹಾಗಾದರೆ ಕಾರ್ಖಾನೆಯ ಬಾಗಿಲಲ್ಲಿ, ಸರಕು ಇಳಿಸುವ ಸರದಿಗಾಗಿ, ಬಿಸಿಲಲ್ಲಿ ಆರು ಗಂಟೆ ಕಾದವನ ಕಾಲ ಯಾವುದು? ಚಕ್ರ ತಿರುಗುತ್ತಿಲ್ಲವಾದ್ದರಿಂದ ಅದು ಚಾಲನೆಯಲ್ಲ. ಮುಂದಿನ ಲಾರಿ ಸರಿದಾಗ ತಾನೂ ಸರಿಯಬೇಕಾದ್ದರಿಂದ ನಿದ್ದೆಯೂ ಅಲ್ಲ. ಆ ಆರು ಗಂಟೆಗಳ ತರುವಾಯ ಅವನ ಇರುಳಿನ ಪಯಣ ಮೊದಲಾಗುತ್ತದೆ.

ಇರುಳಿನ ಪಯಣದಲ್ಲಿ ದೇಹಕ್ಕೆ ತನ್ನದೇ ಗಡಿಯಾರವುಂಟು. ಬೆಳಗಿನ ಜಾವ ಎರಡರಿಂದ ಐದರವರೆಗೆ ಅದು ನಿದ್ದೆಯನ್ನು ಬೇಡುತ್ತದೆ. ಶಿರಾಡಿ ಘಾಟಿಯ ತಿರುವುಗಳು ಚಾಲಕನನ್ನು ಎಚ್ಚರವಾಗಿಟ್ಟಾವು. ಚಿತ್ರದುರ್ಗದ ಬಯಲಿನ ನೇರ ಹೆದ್ದಾರಿಯೇ ಜೋಗುಳ ಹಾಡುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಲಾರಿ 50 ಮೀಟರು ಕುರುಡಾಗಿ ಓಡಿರುತ್ತದೆ. 17 ಗಂಟೆ ಎಚ್ಚರವಾಗಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧನೆಯೊಂದು ತೋರಿಸಿತು. ನಮ್ಮ ಕಾನೂನು ಮದ್ಯಕ್ಕೆ ಹಾಕಿರುವ ಮಿತಿ 0.03. ಕುಡಿದವನನ್ನು ಹಿಡಿಯಲು ಪೊಲೀಸರ ಕೈಯಲ್ಲಿ ಯಂತ್ರವಿದೆ; ನಿದ್ದೆಗೆಟ್ಟವನು ಸಲಾಮು ಹೊಡೆದು ಮುಂದೆ ಸಾಗುತ್ತಾನೆ.

ಅವನು ನಿಲ್ಲಿಸಿ ಮಲಗಬಾರದೆ ಎಂದು ಕೇಳುವುದು ಸುಲಭ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಿದ್ದೆಯೆಂದರೆ ಕಳೆದುಕೊಂಡ ಹಣ. ಯೂರೋಪಿನ ಒಕ್ಕೂಟ ಈ ಗಂಟನ್ನು ಗುರುತಿಸಿತು. ಅದರ 2006ರ ನಿಯಮದಂತೆ ನಾಲ್ಕೂವರೆ ಗಂಟೆ ನಡೆಸಿದವನು 45 ನಿಮಿಷ ವಿರಮಿಸಬೇಕು. ಲಾರಿಯಲ್ಲಿ ಅಳವಡಿಸಿದ ಟ್ಯಾಕೋಗ್ರಾಫ್ ಎಂಬ ಯಂತ್ರ ಅದನ್ನು ದಾಖಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ರಸ್ತೆಯ ಸುರಕ್ಷತೆಗೆ ಕುಂದು ತರುವಂತಿದ್ದರೆ ಕ್ರಮಿಸಿದ ದೂರವನ್ನೋ ಸರಕಿನ ಪ್ರಮಾಣವನ್ನೋ ನೋಡಿ ಕೂಲಿ ಕೊಡಬಾರದೆಂದು ಅದು ಮಾಲೀಕರನ್ನೇ ನಿರ್ಬಂಧಿಸುತ್ತದೆ.

ನಮ್ಮಲ್ಲಿಯೂ ಒಂದು ಒಳ್ಳೆಯ ನಿಯಮವಿತ್ತು. ರಾಷ್ಟ್ರೀಯ ಪರವಾನಗಿಯ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು, ಒಬ್ಬನು ನಡೆಸುವಾಗ ಇನ್ನೊಬ್ಬನು ಮೈಚಾಚಿ ಮಲಗಲು ತಕ್ಕಷ್ಟು ಉದ್ದದ ಆಸನವಿರಬೇಕು ಎಂದಿತ್ತು. 2018ರ ತಿದ್ದುಪಡಿಯಲ್ಲಿ ಎರಡನೆಯ ಚಾಲಕನ ಕಡ್ಡಾಯ ಹೋಯಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಹಾಗೂ ಭಾರೀ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬೇಸಗೆಯಲ್ಲಿ ಲಾರಿಯ ಮುಂಭಾಗದ ಕಾವನ್ನು ಬಲ್ಲವರು ಇದನ್ನು ಸ್ವಾಗತಿಸದೆ ಇರಲಾರರು. ಆದರೆ ಸಾಮಾನ್ಯವಾಗಿ ಈ ತಂಪು ಎಂಜಿನ್ ಓಡುತ್ತಿರುವಾಗ ಮಾತ್ರ ದೊರೆಯುವಂಥದು. ರಸ್ತೆಯಂಚಿನಲ್ಲಿ ಲಾರಿ ನಿಲ್ಲಿಸಿ ಮಲಗಬೇಕೆಂದವನು ಎಂಜಿನ್ ಆರಿಸಿದರೆ ಸೆಕೆಯಲ್ಲಿ ಹೊರಳಾಡಬೇಕು. ಆರಿಸದಿದ್ದರೆ ಉರಿದ ಡೀಸೆಲಿಗೆ ಮಾಲೀಕನ ಮುಂದೆ ಲೆಕ್ಕ ಒಪ್ಪಿಸಬೇಕು.