ಎಂಟೂವರೆ ಮಿಲಿಮೀಟರಿನ ಲೆಕ್ಕ

ಜಹೀರಾಬಾದಿನ ಒಂದು ಕಿರಾಣಿ ಅಂಗಡಿಯಲ್ಲಿ, ತೊಗರಿಬೇಳೆ ತೂಗುವ ತಕ್ಕಡಿಯ ಮೇಲೆ ನನ್ನ ಕ್ಯಾಮೆರಾ ಇಟ್ಟೆ. ತಟ್ಟೆಗೆ ಅಂಟಿದ್ದ ಬೇಳೆಯ ಹಳದಿ ಪುಡಿಯನ್ನು ಅಂಗಡಿಯವರು ಅಂಗೈಯಿಂದ ಒರೆಸಿ, ಹಳೇ ಪೇಪರು ಹಾಸಿ, ಸೊನ್ನೆ ಮಾಡಿಕೊಟ್ಟರು. ಕೆಂಪು ಅಂಕಿ ಎರಡು ಸಲ ತೂಗಾಡಿ 2.295ಕ್ಕೆ ನಿಂತಿತು. "ಎರಡೂ ಕಾಲು ಕಿಲೋ ಮ್ಯಾಲೇ ಅದಲ್ರೀ! ಇಷ್ಟು ಹಿಡ್ಕೊಂಡು ದಿನಾ ನಿಂದರ್ತೀರಿ?" ಎಂದರು.

ದಿನಾ ನಿಲ್ಲುತ್ತಿದ್ದೆ. ಆದರೆ ಕೂಡಿ ನೋಡಿದ್ದು ಅವತ್ತೇ ಮೊದಲು. ಕ್ಯಾನನ್ 5ಡಿ ಮಾರ್ಕ್ ಫೋರ್, ಬ್ಯಾಟರಿ ಕಾರ್ಡು ಸೇರಿ 890 ಗ್ರಾಂ. 24-70ರ ಎಫ್ 2.8 ಲೆನ್ಸು 805. ಫ್ಲ್ಯಾಶು 435, ಅದರ ನಾಲ್ಕು ಸೆಲ್ಲು ನೂರರ ಮೇಲೆ ಸ್ವಲ್ಪ, ಉಳಿದದ್ದು ಕೊರಳ ಪಟ್ಟಿ. ಬೆಲೆಯನ್ನು ಮಾತ್ರ ಎಷ್ಟೋ ಸಲ ಕೂಡಿ ಕಳೆದು ನೋಡಿದ್ದೆ. 2016ರಲ್ಲಿ ಬಂದಾಗ ಆ ಬಾಡಿಯೊಂದಕ್ಕೇ 2,54,995 ರೂಪಾಯಿ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ಫೋಕಸ್ ಪಾಯಿಂಟ್ ಎಂಬುದೆಲ್ಲ ಬಾಯಿಪಾಠವಾಗಿತ್ತು. ಕೈಗೆ ಎಷ್ಟು ಬೀಳುತ್ತದೆ ಎಂಬುದು ಗೊತ್ತಿರಲಿಲ್ಲ. ಬಲಗೈ ಮಣಿಕಟ್ಟು ರಾತ್ರಿ ಹೊತ್ತು ಜುಮುಗುಟ್ಟಲು ಶುರುವಾದ ಮೇಲೆ ತಕ್ಕಡಿ ನೆನಪಾಯಿತು.

ನಾನು ಫೋಟೋ ತೆಗೆಯುವುದು ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನಡುವೆ. 1956ರ ನವೆಂಬರ್ 1ರವರೆಗೆ ಮೊದಲೆರಡು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ರಾಜ್ಯದ ಗೆರೆ ಆ ಕಡೆ ಹೋಯಿತು, ಬೀಗತನ ಹೋಗಲಿಲ್ಲ. ಇಲ್ಲಿಯ ಒಂದು ಮದುವೆಯೆಂದರೆ ಔರಾದಿನ ಬೀಗರು, ಚಿಂಚೋಳಿಯ ಸೋದರಮಾವ, ಹೈದರಾಬಾದಿನ ಗೆಳೆಯರು. ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ. ಎಲ್ಲರಿಗೂ ಫೋಟೋ ಬೇಕು. ಅರಿಶಿನದಿಂದ ಹೆಣ್ಣು ಕಳಿಸುವವರೆಗೆ ನನ್ನ ಲೆಕ್ಕದಲ್ಲಿ 1,200 ಚಿತ್ರ. ಒಂದೊಂದಕ್ಕೆ ಕ್ಯಾಮೆರಾ ಕಣ್ಣಿನ ಹತ್ತಿರ ನಾಲ್ಕು ಸೆಕೆಂಡು ನಿಲ್ಲುತ್ತದೆ ಎಂದುಕೊಳ್ಳಿ, 4,800 ಸೆಕೆಂಡು. ಎಂಬತ್ತು ನಿಮಿಷ, ಎರಡೂ ಕಾಲು ಕಿಲೋವನ್ನು ಅಲುಗಾಡದಂತೆ ಗಾಳಿಯಲ್ಲಿ ಹಿಡಿಯುವ ಕೆಲಸ.

ತಾಂಡೂರಿನಲ್ಲಿ ಈ ಮಾತು ತೆಗೆದರೆ ಒಪ್ಪುವುದಿಲ್ಲ. ಅಲ್ಲಿಯ ಕಲ್ಲಿನ ಲೆಕ್ಕ ಬೇರೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಇಂಚು ದಪ್ಪದ ಒಂದು ತಾಂಡೂರು ಚಪ್ಪಡಿ ಹತ್ತಿರ ಹತ್ತಿರ 24 ಕಿಲೋ ತೂಗುತ್ತದೆ. ಸುಣ್ಣಕಲ್ಲಿನ ಸಾಂದ್ರತೆಯಿಂದ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅಂಥವನ್ನು ಬೆಳಗಿನಿಂದ ಸಂಜೆವರೆಗೆ ಲಾರಿಗೆ ಏರಿಸುವವರ ಎದುರು ಎರಡು ಕಿಲೋದ ಮಾತು ಆಡಲು ನನಗೂ ಸಂಕೋಚವೇ. ಆದರೆ ಆ ಕೆಲಸ ಗಮನವಿಟ್ಟು ನೋಡಿದೆ. ಕಲ್ಲನ್ನು ಎತ್ತುತ್ತಾರೆ, ತೊಡೆಗೆ ಆನಿಸುತ್ತಾರೆ, ಇಡುತ್ತಾರೆ. ಮುಂದಿನ ಕಲ್ಲಿಗೆ ಬಗ್ಗುವ ಮೊದಲು ಕೈ ಒಂದು ಗಳಿಗೆ ಬರಿದಾಗುತ್ತದೆ. ಕ್ಯಾಮೆರಾ ಹಿಡಿದವನ ಕೈಗೆ ಆ ಬಿಡುವಿಲ್ಲ. ಇಟ್ಟರೆ ತಾಳಿ ಕಟ್ಟುವುದು ತಪ್ಪಿಹೋಗುತ್ತದೆ. ಮೇಲಾಗಿ ಅಲುಗಬಾರದು. 200 ಎಂಎಂ ಲೆನ್ಸಿಗೆ ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟಾದರೂ ಶಟರ್ ವೇಗ ಬೇಕು ಅನ್ನುವ ಹಳೆಯ ರೂಢಿ ಹುಟ್ಟಿದ್ದೇ ಕೈ ನಡುಗುತ್ತದೆ ಎಂಬ ಕಾರಣಕ್ಕೆ.

ಮೈಯೊಳಗಿನ ಸನ್ನೆಗೋಲಿನ ಲೆಕ್ಕವೂ ನಮ್ಮ ಕಡೆಗಿಲ್ಲ. ಮುಂಗೈಯನ್ನು ಅಡ್ಡಕ್ಕೆ ಹಿಡಿದಾಗ ಅಂಗೈಯ ಭಾರ ಮೊಣಕೈ ಕೀಲಿನಿಂದ ಸುಮಾರು 32 ಸೆಂಟಿಮೀಟರ್ ದೂರ. ಅದನ್ನು ಎತ್ತಿ ಹಿಡಿಯುವ ತೋಳಿನ ಸ್ನಾಯು ಮುಂಗೈಗೆ ಅಂಟಿರುವುದು ಕೀಲಿನಿಂದ ಬರೀ 4 ಸೆಂಟಿಮೀಟರ್ ದೂರದಲ್ಲಿ. ಎಂಟು ಪಟ್ಟು. ಕೈಯಲ್ಲಿ ಒಂದು ಕಿಲೋ ಇದ್ದರೆ ಸ್ನಾಯು ಎಂಟು ಕಿಲೋ ಎಳೆಯಬೇಕು. ನನ್ನ 2.295ಕ್ಕೆ 18 ಕಿಲೋ ದಾಟಿತು. ಎಡಗೈ ಅರ್ಧ ಹೊತ್ತರೂ ತೋಳಿಗೆ ಒಂಬತ್ತರ ಮೇಲೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ ಎಂದು ಹಿರಿಯರು ಬೈದು ಹೇಳುತ್ತಿದ್ದದ್ದು ಇದಕ್ಕೇ: ಪಕ್ಕೆಗೆ ಆನಿಸಿದರೆ ಭಾರದ ಒಂದು ಪಾಲು ಎದೆಗೂಡಿಗೆ, ಅಲ್ಲಿಂದ ಕಾಲಿಗೆ ಇಳಿಯುತ್ತದೆ.

ಹಾಗಾದರೆ ಹಗುರವಾದದ್ದು ತಗೊಂಡರಾಯಿತಲ್ಲ? ಕನ್ನಡಿಯಿಲ್ಲದ ಕ್ಯಾಮೆರಾ ಬಂದ ಮೇಲೆ ಎಲ್ಲರೂ ಹಾಗೇ ಅಂದುಕೊಂಡರು. ಕ್ಯಾನನ್ನಿನ ಹಳೆಯ ಇಎಫ್ ಮೌಂಟಿನಲ್ಲಿ ಲೆನ್ಸಿನ ಬುಡದಿಂದ ಸೆನ್ಸರಿಗೆ 44 ಮಿಲಿಮೀಟರ್ ಜಾಗ ಬೇಕಿತ್ತು, ಕನ್ನಡಿ ಏರಿಳಿಯಲು. ಹೊಸ ಆರ್‌ಎಫ್‌ನಲ್ಲಿ 20, ಸೋನಿಯ ಇ ಮೌಂಟಿನಲ್ಲಿ 18. ಕನ್ನಡಿ ಹೋಯಿತು, ಪೆಟ್ಟಿಗೆ ತೆಳ್ಳಗಾಯಿತು. 2018ರ ಸೋನಿ ಎ7 ತ್ರೀ 650 ಗ್ರಾಂ. ಮೇಲೆ ಟ್ಯಾಮ್ರಾನಿನ 28-75 ಲೆನ್ಸು 550. ಸರಿಯಾಗಿ 1,200. ಬಾಡಿ, ಲೆನ್ಸು ಎರಡೇ ಸೇರಿದ ನನ್ನ 1,695ಕ್ಕಿಂತ ಅರ್ಧ ಕಿಲೋ ಕಡಿಮೆ. ದೂರದ ಲೆನ್ಸಿನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು: 5ಡಿ ಮಾರ್ಕ್ ಫೋರ್ ಜೊತೆ ಹಳೆಯ 70-200 ಹಾಕಿದರೆ 2,370 ಗ್ರಾಂ, ಕನ್ನಡಿಯಿಲ್ಲದ ಕ್ಯಾನನ್ ಆರ್6 ಮಾರ್ಕ್ ಟೂ ಜೊತೆ ಹೊಸ 70-200 ಹಾಕಿದರೆ 1,740.

ಉಳಿಸಿದ ತೂಕದ ಒಂದಿಷ್ಟು ಮಾತ್ರ ಜೇಬಿಗೆ ವಾಪಸು ಬರುತ್ತದೆ. ಪ್ರಮಾಣಿತ ಪರೀಕ್ಷೆಯಲ್ಲಿ, ವ್ಯೂಫೈಂಡರಿನಲ್ಲಿ ನೋಡಿ ತೆಗೆದರೆ, 5ಡಿ ಮಾರ್ಕ್ ಫೋರ್ ಒಂದು ಬ್ಯಾಟರಿಗೆ 900 ಚಿತ್ರ, ನಿಕಾನ್ ಡಿ850 1,840 ಚಿತ್ರ ಕೊಡುತ್ತವೆ. ಸೋನಿಯ ಎ7 ತ್ರೀ 610, ಎ7 ಫೋರ್ 520. ನನ್ನ 1,200 ಚಿತ್ರದ ಮದುವೆಗೆ ಎ7 ಫೋರ್ ಒಯ್ದರೆ 83 ಗ್ರಾಮಿನ ಮೂರು ಬ್ಯಾಟರಿ ಬೇಕು. ಆದರೂ ಜೇಬಿನ ಭಾರ ಜೇಬಿನದು, ಕೈಯದಲ್ಲ. ಈ ವ್ಯಾಪಾರ ನನಗೆ ಒಪ್ಪಿಗೆ.

ಒಪ್ಪಿಗೆಯಾಗದ್ದು ಇನ್ನೊಂದಿದೆ. ಸಣ್ಣ ಬಾಡಿಗೆ ದೊಡ್ಡ ಲೆನ್ಸು ಹಾಕುವ ಚಟ. ಸೋನಿ ಜಡ್‌ವಿ-ಇ10 ಬಾಡಿ 343 ಗ್ರಾಂ. ಅದಕ್ಕೆ 886 ಗ್ರಾಮಿನ 24-70 ಜಿಎಂ ಹಾಕಿದರೆ ಒಟ್ಟು ತೂಕದಲ್ಲಿ ನೂರಕ್ಕೆ 72 ಪಾಲು ಲೆನ್ಸಿನದೇ. ನನ್ನ ಹಳೆಯ ಜೋಡಿಯಲ್ಲಿ ಅದು ನೂರಕ್ಕೆ 47ರ ಮೇಲೆ ಸ್ವಲ್ಪ. ಎತ್ತಿನ ಗಾಡಿಗೆ ಹೇರು ಸರಿಯಾಗಿ ಹೇರಿದಂತೆ. 72 ಪಾಲು ಮೂಗಿಗೆ ಬಿದ್ದ ಕ್ಯಾಮೆರಾ ಬಗ್ಗುತ್ತಲೇ ಇರುತ್ತದೆ, ಬಲಗೈಯ ಮೂರು ಬೆರಳು ಅದನ್ನು ಎತ್ತುತ್ತಲೇ ಇರುತ್ತವೆ. ಒಟ್ಟು ತೂಕ 1,229 ಗ್ರಾಂ, ಎ7 ತ್ರೀ ಜೋಡಿಗಿಂತ 29 ಗ್ರಾಂ ಮಾತ್ರ ಹೆಚ್ಚು. ಆದರೂ ಇದನ್ನು ಒಂದು ಸೀಮಂತಕ್ಕೆ ಎರವಲು ಒಯ್ದು, ಉಡಿ ತುಂಬುವ ಹೊತ್ತಿಗೆ ಕೈ ಸೋತು ಕೆಳಗಿಟ್ಟೆ.

ಈಗ ಹೆಚ್ಚು ಜನ ಕೇಳುವ ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕ ಇಡುತ್ತೇನೆ. ಸೋನಿ ಎ7 ಫೋರ್ ಇಲ್ಲಿಗೆ ಬಂದಾಗ ಬಾಡಿಗೆ 2,42,490 ರೂಪಾಯಿ. ಅದರಲ್ಲಿ ಜಿಎಸ್‌ಟಿಯೇ 36,990. 2019ರ ಜನವರಿಯಲ್ಲಿ ಕ್ಯಾಮೆರಾ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯದೆ ಇದ್ದಿದ್ದರೆ ಇನ್ನೂ 20,550 ಕೊಡಬೇಕಾಗುತ್ತಿತ್ತು. ಕ್ಯಾನನ್ ಆರ್6 ಮಾರ್ಕ್ ಟೂ ಬಂದಾಗಿನ ಬೆಲೆ 2,43,995. ಅಂತರ 1,505 ರೂಪಾಯಿ. ವರ್ಷಕ್ಕೆ 40 ಮದುವೆಯಂತೆ ಐದು ವರ್ಷ ದುಡಿಸಿದರೆ ಒಂದು ಮದುವೆಗೆ ಏಳೂವರೆ ರೂಪಾಯಿ, ಒಂದು ಚಹಾದ ದುಡ್ಡು. ತೂಕ 658 ಮತ್ತು 670 ಗ್ರಾಂ. 12 ಗ್ರಾಮಿನ ಅಂತರ ಯಾವ ಕೈಗೂ ತಿಳಿಯದು. ಎತ್ತರದಲ್ಲಿ ಎರಡೇ ಮಿಲಿಮೀಟರ್. ಆದರೆ ಆಳ ಒಂದರದ್ದು 79.8, ಇನ್ನೊಂದರದ್ದು 88.4. ಅಂತರ 8.6 ಮಿಲಿಮೀಟರ್. ಕಣ್ಣುಗೂಡು, ಹಿಡಿಕೆ ಎಲ್ಲ ಸೇರಿದ ಅಳತೆ ಇದು.

ಇಡೀ ತೀರ್ಮಾನ ಈ ಎಂಟೂವರೆ ಮಿಲಿಮೀಟರಿನ ಆಸುಪಾಸಿನಲ್ಲೇ ಇದೆ ಎಂಬುದು ನನ್ನ ಮಾತು. ಉದ್ದ ಬೆರಳಿನವರು ತೆಳುವಾದ ಹಿಡಿಕೆ ಹಿಡಿದರೆ ಬೆರಳ ತುದಿ ಲೆನ್ಸಿಗೆ ಉಜ್ಜುತ್ತದೆ, ಉಗುರಿನ ಬುಡ ಕೆಂಪಾಗುತ್ತದೆ. ಗಿಡ್ಡ ಬೆರಳಿನವರು ದಪ್ಪ ಹಿಡಿಕೆ ಹಿಡಿದರೆ ಹೆಬ್ಬೆರಳು ಹಿಂದಿನ ಗುಂಡಿಗಳಿಗೆ ಎಟುಕದೆ ಪ್ರತಿ ಸಲ ಹಿಡಿತ ಸಡಿಲಿಸಬೇಕಾಗುತ್ತದೆ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಟೇಪು ಕೊಟ್ಟು ಅಂಗೈ ಅಳೆಯಲು ಹೇಳುತ್ತೇನೆ.

ಕೈ ನೋಡಿ ಕ್ಯಾಮೆರಾ ಕೊಟ್ಟ ದೊಡ್ಡ ಉದಾಹರಣೆ ನಮ್ಮ ಜಹೀರಾಬಾದಿನ ಮಗ್ಗುಲಲ್ಲೇ ಇದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಹುಟ್ಟಿದ್ದು. ಸುಮಾರು 75 ಹಳ್ಳಿಗಳ ಸಂಘಗಳಲ್ಲಿ 5,000 ಹೆಣ್ಣುಮಕ್ಕಳು, ಬಹುಪಾಲು ದಲಿತ ರೈತ ಮಹಿಳೆಯರು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರ ಮಾರ್ಚ್ 19ರಂದು ತೀರಿಕೊಂಡರು. ಓದು ಬರಹ ಬಾರದ ಹೆಣ್ಣುಮಕ್ಕಳ ಕೈಗೆ ವಿಡಿಯೋ ಕ್ಯಾಮೆರಾ ಕೊಟ್ಟ ಜಾಗ ಇದು. ಜೋಳದ ತೆನೆ ಮುರಿದ ಕೈ, ಕಳೆ ಕಿತ್ತ ಕೈ. 2001ರಲ್ಲಿ ಅವರದೇ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಆಯಿತು. ವಾರಂಗಲ್ಲಿನ ಬಿಟಿ ಹತ್ತಿ ಹೊಲಗಳಿಗೆ ಮೂರು ವರ್ಷ ಮತ್ತೆ ಮತ್ತೆ ಹೋಗಿ ರೈತರ ನಷ್ಟದ ಚಿತ್ರ ಮಾಡಿದವರು ಇವರೇ. 2008ರ ಅಕ್ಟೋಬರ್ 15ರಿಂದ ಮಾಚನೂರಿನಿಂದ 90.4 ಮೆಗಾಹರ್ಟ್ಸ್‌ನಲ್ಲಿ ಸಂಘಂ ರೇಡಿಯೋ ನಡೆಸಿದವರೂ ಇವರೇ.

ಕ್ಯಾಮೆರಾ ಭಾಷೆಯನ್ನೂ ಅವರು ತಮ್ಮ ಕೈಗೆ ಒಗ್ಗಿಸಿಕೊಂಡರು. ಕಣ್ಣಿನ ಮಟ್ಟದ ಶಾಟಿಗೆ ಅವರ ಹೆಸರು ಸಂಘಂ ಶಾಟ್. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುತ್ತಾರೆ, ಅದಕ್ಕೆ. ಮೇಲಿನಿಂದ, ಕೆಳಗಿನಿಂದ ನೋಡುವ ಶಾಟುಗಳಿಗೆ ಪಟೇಲರ ಮತ್ತು ಜೀತದ ಆಳಿನ ಲೋಕದ ಹೆಸರು. ಇದನ್ನು ಸಮಾನತೆಯ ಪಾಠವೆಂದು ಬಹಳ ಜನ ಬರೆದಿದ್ದಾರೆ, ಅದು ಸರಿಯೇ. ನನಗೆ ಅದರಲ್ಲಿ ಕೈಯ ಪಾಠವೂ ಕಾಣುತ್ತದೆ. ಕೂತವರ ಕಣ್ಣಿನ ಮಟ್ಟಕ್ಕೆ ಬರಬೇಕಾದರೆ ನಾನೂ ಕೂರಬೇಕು. ಕುಕ್ಕರಗಾಲಲ್ಲಿ ಕೂತರೆ ಮೊಣಕೈ ಮೊಣಕಾಲ ಮೇಲೆ ಊರುತ್ತದೆ, ಕ್ಯಾಮೆರಾದ ಭಾರ ನೇರ ನೆಲಕ್ಕೆ ಹೋಗುತ್ತದೆ. ನನ್ನ 80 ನಿಮಿಷದಲ್ಲಿ ಅರ್ಧ ಪಾಲು ಹಾಗೆ ಕೂತು ತೆಗೆಯಲು ಶುರುಮಾಡಿದ ಮೇಲೆ ಮಣಿಕಟ್ಟು ಜುಮುಗುಟ್ಟುವುದು ಕಡಿಮೆಯಾಯಿತು.

ಮೊನ್ನೆ ನಾರಾಯಣಖೇಡದ ಅಕ್ಕನ ಮಗಳು ಕ್ಯಾಮೆರಾ ಬೇಕೆಂದಳು. ತೊಟ್ಟಿಲು, ಸೀಮಂತ, ಅರಿಶಿನ, ಹೆಣ್ಣುಮಕ್ಕಳೇ ತುಂಬಿರುವ ಕಡೆ ಹೆಣ್ಣುಮಗಳೇ ಫೋಟೋ ತೆಗೆದರೆ ಚೆಂದವೆಂದು ಕೆಲಸ ಹಿಡಿದಿದ್ದಾಳೆ. ಮೊಬೈಲಿನಲ್ಲಿ ನೋಡಿ ಜಡ್‌ವಿ-ಇ10 ಆರ್ಡರ್ ಮಾಡುವುದರಲ್ಲಿದ್ದಳು. ಸಣ್ಣ ಲೆನ್ಸಿನ ಸಮೇತ ಅದು ಬಂದಾಗಿನ ಬೆಲೆ 70 ಸಾವಿರದ ಹತ್ತಿರ, ತೂಕ 459 ಗ್ರಾಂ. ಕ್ಯಾನನ್ ಆರ್50 ಅದಕ್ಕಿಂತ ಆರು ಸಾವಿರದಷ್ಟು ಹೆಚ್ಚು, ಲೆನ್ಸು ಸೇರಿ 505 ಗ್ರಾಂ. ದುಡ್ಡಿನಲ್ಲೂ ತೂಕದಲ್ಲೂ ಮೊದಲನೆಯದೇ ಗೆದ್ದಂತೆ. ತಡಿ ಎಂದೆ. ಅವಳ ಅಂಗೈ ಅಳೆದೆವು, ಹೆಬ್ಬೆರಳು ಬಿಟ್ಟು ನಾಲ್ಕು ಬೆರಳಿನ ಅಗಲ 72 ಮಿಲಿಮೀಟರ್. ಜಡ್‌ವಿ-ಇ10 ಎತ್ತರ 64.2. ಆರ್50 ಎತ್ತರ 85.5.

ಹೈದರಾಬಾದಿಗೆ ಹೊರಟೆವು. ತೆಲಂಗಾಣದಲ್ಲಿ 2023ರ ಡಿಸೆಂಬರಿನಿಂದ ಹೆಣ್ಣುಮಕ್ಕಳಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೀಟಿಗೆ ದುಡ್ಡಿಲ್ಲ, ಅವಳ ಖರ್ಚು ಸೊನ್ನೆ. ಕೋಠಿಯ ಅಂಗಡಿಯಲ್ಲಿ ಎರಡನ್ನೂ ಹತ್ತತ್ತು ನಿಮಿಷ ಹಿಡಿದು ನಿಂತಳು. ಮೊದಲನೆಯದರಲ್ಲಿ ಕಿರುಬೆರಳು ಕೆಳಗೆ ಗಾಳಿಯಲ್ಲಿ ತೂಗುತ್ತಿತ್ತು. ಅದಕ್ಕೆ ವ್ಯೂಫೈಂಡರ್ ಇಲ್ಲ; ಪರದೆ ನೋಡಲು ಕೈಚಾಚಿ, ಹೆಗಲಿನಿಂದ ಅರ್ಧ ಮೀಟರ್ ದೂರ ಹಿಡಿಯಬೇಕು. 459 ಗ್ರಾಂ ಐವತ್ತು ಸೆಂಟಿಮೀಟರಿನಲ್ಲಿ ಎಂದರೆ ಹೆಗಲಿಗೆ ಸುಮಾರು 23 ಕಿಲೋ-ಸೆಂಟಿಮೀಟರಿನ ತಿರುಚು. ಆರ್50ಯನ್ನು ಹುಬ್ಬಿಗೆ ಒತ್ತಿ ಹಿಡಿದಳು, ಹೆಗಲಿನಿಂದ 20 ಸೆಂಟಿಮೀಟರ್. ಹತ್ತರ ಮೇಲೆ ಸ್ವಲ್ಪ. 46 ಗ್ರಾಂ ಹೆಚ್ಚು ತೂಗುವ ಕ್ಯಾಮೆರಾ ಅವಳ ಹೆಗಲಿಗೆ ಅರ್ಧಕ್ಕಿಂತ ಕಡಿಮೆ ಭಾರವಾಯಿತು. ಅಂಗಡಿಯವರು ಬಾಕ್ಸು ತರಲು ಒಳಗೆ ಹೋದಾಗಲೂ ಅದನ್ನು ಕೆಳಗಿಡಲಿಲ್ಲ.

ಹೋದ ವಾರ ಮೊದಲ ತೊಟ್ಟಿಲು ಮುಗಿಸಿ ಫೋನು ಮಾಡಿದಳು. 640 ಚಿತ್ರ ತೆಗೆದಿದ್ದಳು. ಕೈ ನೋವು ಹ್ಯಾಂಗದ ಎಂದು ಕೇಳಿದೆ. "ಕೈ ಏನೂ ಆಗಿಲ್ಲ ಮಾಮಾ, ಕಾಲು ನೋಯಾಕತ್ಯಾವ" ಎಂದಳು.